ತಂತಿಯಿಲ್ಲದ ದೀಪಗಳೂ ನಮ್ಮ ದುಡಿಮೆಯೂ

(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ವೇದಿಕೆಯಿಂದ ಸಾಮಾನ್ಯವಾಗಿ ಕೇಳಿಬರುವುದು ಸಂಬಳದ ಮಾತು, ರಜೆಯ ಮಾತು, ಪ್ರಾವಿಡೆಂಟ್ ಫಂಡಿನ ಮಾತು. ಇಂದು ನಾವು ದೀಪದ ವಿಷಯ ಮಾತನಾಡುತ್ತೇವೆಂದು ತಿಳಿದು ಕೆಲವರು ನಕ್ಕರಂತೆ. ಮದುವೆಯ ಹಾಲಿನಲ್ಲಿ ಗೋಡೆಗೆ ಬಣ್ಣದ ಬೆಳಕು ಬಿಡುವುದಕ್ಕೂ ಅನ್ನ ಬಡಿಸುವ ನಮಗೂ ಏನು ಸಂಬಂಧ ಎಂದು ಅವರ ಪ್ರಶ್ನೆ.

ಸಂಬಂಧ ಇದೆ. ಹಾಲಿನಲ್ಲಿ ಮಧ್ಯಾಹ್ನ ಮೇಜು ಹಾಕುವವರು ನಾವು. ರಾತ್ರಿ ಬಡಿಸುವವರು ನಾವು. ಬಂದವರೆಲ್ಲ ಹೋದ ಮೇಲೆ ಕುರ್ಚಿ ಒಟ್ಟುವವರೂ ನಾವು. ಈಗೀಗ ದೀಪಗಳನ್ನು ಹೊತ್ತು ತಂದು ಗೋಡೆಯ ಬುಡದಲ್ಲಿ ಇಡುವ ಕೆಲಸವೂ ನಮ್ಮ ಪಾಲಿಗೆ ಬಂದಿದೆ. ದೀಪಕ್ಕೆ ತಂತಿ ಇಲ್ಲ, ಆದ್ದರಿಂದ ಎಲೆಕ್ಟ್ರಿಷಿಯನ್ ಬೇಡ, ಹಾಲಿನ ಹುಡುಗರೇ ಸಾಕು ಎಂದು ಮೇಲಿನವರ ಲೆಕ್ಕ. ತಂತಿ ಹೋದ ಜಾಗಕ್ಕೆ ನಮ್ಮ ಕೈ ಬಂದಿದೆ. ಆ ಕೈಗೆ ಅದರ ವಿದ್ಯೆ ಬಂದಿದೆಯೇ, ಅದರ ಕೂಲಿ ಬಂದಿದೆಯೇ? ಇದೇ ಇಂದಿನ ಪ್ರಶ್ನೆ.

ನಾವು ಇಂಜಿನಿಯರರಲ್ಲ. ಮಿಡ್ಲ್ ಸ್ಕೂಲಿನ ಮೆಟ್ಟಿಲಿಳಿದು ಹೋಟೆಲಿನ ಮೆಟ್ಟಿಲು ಹತ್ತಿದವರು. ಲೈಟಿನವರ ಹಿಂದೆ ಮುಂದೆ ಓಡಾಡಿ, ಕೇಳಿ, ಯಂತ್ರದ ಜೊತೆಗೆ ಬರುವ ಪುಸ್ತಕವನ್ನು ತಿಳಿದವರಿಂದ ಓದಿಸಿಕೊಂಡು ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಮೊದಲು, ಈ ಬೆಳಕು ಎಂದರೇನು? ಸಾಮಾನ್ಯ ದೀಪ ಮೇಲಿನಿಂದ ಕೆಳಗೆ ಬೆಳಗುತ್ತದೆ. ಇದು ನೆಲದ ಮೇಲೆ ಕೂತು ಮೇಲಕ್ಕೆ ಮುಖ ಮಾಡಿ ಗೋಡೆಯನ್ನೋ ಕಂಬವನ್ನೋ ಪರದೆಯನ್ನೋ ಬೆಳಗುತ್ತದೆ. ಅಪ್‌ಲೈಟ್ ಎಂದು ಕರೆಯುತ್ತಾರೆ. ಸುಣ್ಣದ ಬಿಳಿ ಗೋಡೆ ಹಳದಿಯಾಗಬೇಕೆಂದರೆ ಹಳದಿ, ಗುಲಾಬಿಯಾಗಬೇಕೆಂದರೆ ಗುಲಾಬಿ. ಗೋಡೆಗೆ ಬಣ್ಣ ಬಳಿಯದೆ, ಬಟ್ಟೆ ಹೊದಿಸದೆ, ಒಂದೇ ಹಾಲು ಬೆಳಗ್ಗೆ ಒಂದು ಮನೆಯವರ ಅರಿಶಿನದ ಶಾಸ್ತ್ರಕ್ಕೂ ರಾತ್ರಿ ಇನ್ನೊಂದು ಮನೆಯವರ ಆರತಕ್ಷತೆಗೂ ಒದಗುತ್ತದೆ. ಯಜಮಾನರಿಗೆ ಇದರಲ್ಲಿ ಲಾಭವಿದೆ. ಇರಲಿ, ಲಾಭವಾಗಲಿ, ಹಾಲು ನಡೆದರೆ ನಮ್ಮ ಒಲೆಯೂ ಉರಿಯುತ್ತದೆ.

ಹಿಂದೆ ಈ ಕೆಲಸಕ್ಕೆ ಡಬ್ಬಿಯಂಥ ದೊಡ್ಡ ದೀಪಗಳಿದ್ದವು. ಪಾರ್ ಕ್ಯಾನ್ ಎಂದು ಅವುಗಳ ಹೆಸರು. ಅವುಗಳಲ್ಲಿ ದೊಡ್ಡ ಜಾತಿಯದು ಒಂದೊಂದೂ 1000 ವಾಟ್ ನುಂಗುತ್ತಿತ್ತು. ಎಂಟು ದೀಪ ಇಟ್ಟರೆ 8000 ವಾಟ್. ನಮ್ಮ 230 ವೋಲ್ಟಿನ ಲೈನಿನಲ್ಲಿ ಸುಮಾರು 35 ಆಂಪಿಯರ್ ಕರೆಂಟು. ಅದಕ್ಕೆ ಹೆಬ್ಬೆರಳು ದಪ್ಪದ ಕೇಬಲ್ಲು ಬೇಕು. ಬಣ್ಣಕ್ಕಾಗಿ ದೀಪದ ಬಾಯಿಗೆ ಬಣ್ಣದ ಹಾಳೆ ಕಟ್ಟಬೇಕು. ಬಣ್ಣ ಬದಲಾಗಬೇಕಾದರೆ ಹಾಳೆಯನ್ನೇ ಬದಲಿಸಬೇಕು. ಬಿಸಿಯಂತೂ ದೋಸೆಕಲ್ಲಿನ ಮುಂದೆ ನಿಂತಂತೆ.

ಎಲ್‌ಇಡಿ ಬಂದ ಮೇಲೆ ಇದೆಲ್ಲ ಬದಲಾಯಿತು. ಕೆಂಪು ಮತ್ತು ಹಸಿರು ಎಲ್‌ಇಡಿಗಳು ಮೊದಲೇ ಇದ್ದವು. ಪ್ರಖರವಾದ ನೀಲಿ ಮಾತ್ರ ಯಾರ ಕೈಗೂ ಸಿಕ್ಕಿರಲಿಲ್ಲ. ಅದನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೋ, ಶುಜಿ ನಾಕಾಮುರಾ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ಕೆಂಪು, ಹಸಿರು, ನೀಲಿ ಈ ಮೂರು ಬೆಳಕು ಒಂದೇ ಡಬ್ಬಿಯಲ್ಲಿ ಕೂಡಿದರೆ ಹೆಚ್ಚುಕಡಿಮೆ ಬೇಕಾದ ಬಣ್ಣ ಬರುತ್ತದೆ. ಹಾಳೆ ಬೇಡ. ಒಂದು ಕಂಬಕ್ಕೆ 40 ವಾಟಿನ ದೀಪವೂ ಸಾಲುತ್ತದೆ. 40 ವಾಟ್ ಎಂದ ಮೇಲೆ ಬ್ಯಾಟರಿಯಲ್ಲಿ ನಡೆಸಬಹುದು. ಹೀಗೆ ಕರೆಂಟಿನ ತಂತಿ ಹೋಯಿತು.

ಉಳಿದದ್ದು ಅಪ್ಪಣೆಯ ತಂತಿ. ದೀಪಕ್ಕೆ "ಕೆಂಪಾಗು, ನೀಲಿಯಾಗು" ಎಂದು ಹೇಳುವವನು ಹಾಲಿನ ಮೂಲೆಯಲ್ಲಿ ಒಂದು ಹಲಗೆಯ ಮುಂದೆ ಕೂತಿರುತ್ತಾನೆ. ಅವನ ಮಾತು ದೀಪಕ್ಕೆ ಮುಟ್ಟಬೇಕು. ಮೊದಲೆಲ್ಲ ಒಬ್ಬೊಬ್ಬ ತಯಾರಕನ ಯಂತ್ರಕ್ಕೆ ಒಂದೊಂದು ಭಾಷೆ. 1986ರಲ್ಲಿ ಅಮೆರಿಕದ ರಂಗಭೂಮಿ ತಂತ್ರಜ್ಞರ ಸಂಸ್ಥೆಯವರು ಎಲ್ಲರಿಗೂ ಒಂದೇ ಭಾಷೆಯನ್ನು ಗೊತ್ತುಮಾಡಿದರು. 1990ರಲ್ಲಿ ಅದನ್ನು ತಿದ್ದಿದರು. ಡಿಎಂಎಕ್ಸ್ 512 ಎಂದು ಅದರ ಹೆಸರು. ಇಂದಿಗೂ ನಾಟಕದ ರಂಗದಿಂದ ಮದುವೆಯ ಹಾಲಿನವರೆಗೆ ಅದೇ ನಡೆಯುತ್ತಿದೆ.

ಇದು ಕಷ್ಟದ ವಿಷಯವೆಂದು ಹೆದರಬೇಡಿ. ಹೋಟೆಲಿನವರಿಗೆ ಇದಕ್ಕಿಂತ ಸುಲಭವಾದದ್ದು ಬೇರೆ ಇಲ್ಲ. ಗಲ್ಲೆಯ ಹತ್ತಿರ ಒಬ್ಬ ನಿಂತು 1ರಿಂದ 512ರವರೆಗೆ ನಂಬರು ಹಿಡಿದು ಕೂಗುತ್ತಿದ್ದಾನೆಂದು ತಿಳಿಯಿರಿ. "1ಕ್ಕೆ ಪೂರ್ತಿ, 2ಕ್ಕೆ ಅರ್ಧ, 3ಕ್ಕೆ ಏನೂ ಬೇಡ." 512 ಮುಗಿದ ಕೂಡಲೇ ಮತ್ತೆ 1ರಿಂದ ಶುರು. ಸೆಕೆಂಡಿಗೆ ಸುಮಾರು 44 ಸಲ ಹೀಗೆ ಕೂಗುತ್ತಾನೆ. ಪ್ರತಿಯೊಂದು ನಂಬರಿಗೂ 0ಯಿಂದ 255ರವರೆಗಿನ ಒಂದು ಅಳತೆ. 0 ಎಂದರೆ ಆರಿದ್ದು, 255 ಎಂದರೆ ಪೂರ್ತಿ ಬೆಳಗಿದ್ದು. ದೀಪ ಎಲ್ಲವನ್ನೂ ಕೇಳಿಸಿಕೊಂಡು ತನ್ನ ನಂಬರು ಬಂದಾಗ ಮಾತ್ರ ಮಾತು ನಡೆಸುತ್ತದೆ. "ಕೇಳಿಸಿತು ಸ್ವಾಮಿ" ಎಂದು ಮರುನುಡಿ ಕೊಡುವುದಿಲ್ಲ. 2006ರಲ್ಲಿ ಮರುನುಡಿಯ ಏರ್ಪಾಡೊಂದನ್ನು ಸೇರಿಸಿದ್ದಾರೆ. ಅದು ಎಲ್ಲ ದೀಪಗಳಲ್ಲೂ ಇಲ್ಲ.

ನಂಬರು ಕೊಡುವ ಲೆಕ್ಕ ಹೀಗೆ. ಒಂದು ದೀಪದಲ್ಲಿ ಕೆಂಪು, ಹಸಿರು, ನೀಲಿ, ಬಿಳಿ ಎಂದು ನಾಲ್ಕು ಬಣ್ಣವಿದ್ದರೆ ಅದಕ್ಕೆ ನಾಲ್ಕು ನಂಬರು ಬೇಕು. ಮೊದಲ ದೀಪ 1ರಲ್ಲಿ ಕೂತರೆ 1, 2, 3, 4 ಅದರ ಪಾಲು. ಎರಡನೆಯದು 5ರಲ್ಲಿ, ಮೂರನೆಯದು 9ರಲ್ಲಿ. ಹನ್ನೆರಡು ದೀಪಕ್ಕೆ 48 ನಂಬರು. ಎರಡನೆಯ ದೀಪವನ್ನು 5ರ ಬದಲು 4ರಲ್ಲಿ ಕೂರಿಸಿದರೆ ಮೊದಲನೆಯದರ ಬಿಳಿ ಬೆಳಗಿದಾಗೆಲ್ಲ ಇದರ ಕೆಂಪೂ ಬೆಳಗುತ್ತದೆ. ಒಂದೇ ಮೇಜಿಗೆ ಇಬ್ಬರು ಮಾಣಿಗಳು ಹೋದ ಹಾಗೆ. ಎಲ್ಲ ದೀಪವೂ ಸದಾ ಒಂದೇ ಬಣ್ಣದಲ್ಲಿದ್ದರೆ ಸಾಕು ಎಂದಾದರೆ ಎಲ್ಲಕ್ಕೂ 1ನ್ನೇ ಕೊಡಬಹುದು. ಇಷ್ಟು ಕೂಡಿಸುವುದು ಕಳೆಯುವುದು ಬಿಲ್ಲು ಬರೆಯುವ ನಮಗೆ ಬಾರದ್ದೇನಲ್ಲ.

ಈ ಕೂಗನ್ನು ತಂತಿಯಿಲ್ಲದೆ ಗಾಳಿಯಲ್ಲಿ ಕಳಿಸುವುದೇ ನಿಸ್ತಂತು ಹತೋಟಿ. ಇದು ನಮ್ಮ ದೇಶಕ್ಕೆ ಹೊರಗಿನ ವಿದ್ಯೆಯಲ್ಲ. 1895ರ ಸುಮಾರಿಗೆ ಜಗದೀಶಚಂದ್ರ ಬೋಸರು ಕಲಕತ್ತೆಯಲ್ಲಿ ಗೋಡೆಗಳ ಆಚೆಗಿದ್ದ ಗಂಟೆಯನ್ನು ತಂತಿಯಿಲ್ಲದೆ ಬಾರಿಸಿ ತೋರಿಸಿದ್ದರು. ಇಂದು ದೀಪದ ಹಲಗೆಗೆ ಒಂದು ಪ್ರೇಷಕ ಪೆಟ್ಟಿಗೆಯನ್ನು ಜೋಡಿಸುತ್ತಾರೆ. ದೀಪದ ಹೊಟ್ಟೆಯಲ್ಲಿ ಗ್ರಾಹಕ ಇರುತ್ತದೆ. ಹೆಚ್ಚಿನವು 2.4 ಗಿಗಾಹರ್ಟ್ಸ್ ಎಂಬ ಅಲೆಯಲ್ಲಿ ಮಾತಾಡುತ್ತವೆ. ಕಡಿಮೆ ಬಲದ ಯಂತ್ರಗಳು ಈ ಅಲೆಯನ್ನು ಲೈಸೆನ್ಸಿಲ್ಲದೆ ಬಳಸಬಹುದೆಂದು ಭಾರತ ಸರಕಾರ 2005ರಲ್ಲಿ ನಿಯಮ ಮಾಡಿತು.

ಲೈಸೆನ್ಸ್ ಬೇಡವೆಂದ ಮೇಲೆ ಎಲ್ಲರೂ ಅಲ್ಲೇ. ವೈಫೈ ಅಲ್ಲಿದೆ, ಬ್ಲೂಟೂತ್ ಅಲ್ಲಿದೆ. ಆಫೀಸು ಬಿಡುವ ಹೊತ್ತಿನ ದಾದರ್ ಸ್ಟೇಷನ್ನಿನ ಹಾಗೆ ನೂಕುನುಗ್ಗಲು. ಅದರ ನಡುವೆ ದೀಪದ ಮಾತು ಹೇಗೆ ಮುಟ್ಟಬೇಕು? ಪ್ರೇಷಕವೂ ಗ್ರಾಹಕವೂ ಮೊದಲೇ ಗೊತ್ತುಮಾಡಿಕೊಂಡ ಕ್ರಮದಲ್ಲಿ ಸೆಕೆಂಡಿಗೆ ಹಲವು ಸಲ ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿಯುತ್ತ ಮಾತಾಡುತ್ತವೆ. ಒಂದು ಕಡೆ ಗದ್ದಲವಿದ್ದರೆ ಮರುಗಳಿಗೆಯಲ್ಲಿ ಬೇರೆ ಕಡೆ. ಹೀಗೆ ಜಿಗಿಯುವ ಒಂದು ಉಪಾಯಕ್ಕೆ 1942ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದವರಲ್ಲಿ ಒಬ್ಬರು ಹೆಡಿ ಲಮಾರ್ ಎಂಬ ಸಿನಿಮಾ ನಟಿ, ಇನ್ನೊಬ್ಬರು ಜಾರ್ಜ್ ಆಂಥೈಲ್ ಎಂಬ ಸಂಗೀತಗಾರ. ಯುದ್ಧದ ಟಾರ್ಪಿಡೊ ನಡೆಸುವುದಕ್ಕೆಂದು ಯೋಚಿಸಿದ್ದು. ನಟಿಯೂ ಸಂಗೀತಗಾರನೂ ನೌಕಾಪಡೆಯ ವಿದ್ಯೆ ಚಿಂತಿಸಬಹುದಾದರೆ ಮಾಣಿಯೊಬ್ಬ ದೀಪದ ವಿದ್ಯೆ ಕಲಿಯಲಾರನೇ?

ತಂತಿಯಿಲ್ಲದ್ದೆಲ್ಲ ಒಂದೇ ಬಗೆಯೆಂದು ತಿಳಿಯಬೇಡಿ. ಟಿವಿಯ ರಿಮೋಟಿನಂಥದು ಒಂದು ಬಗೆ. ದೀಪ ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ; ನಡುವೆ ಒಬ್ಬರು ನಿಂತರೂ ಮಾತು ಕಡಿಯಿತು. ಫೋನಿನಿಂದ ನಡೆಸುವುದು ಎರಡನೆಯ ಬಗೆ. ಸಣ್ಣ ಸಮಾರಂಭಕ್ಕೆ ಚೆನ್ನ. ಫೋನಿಗೆ ಕರೆ ಬಂದರೆ, ಚಾರ್ಜು ಮುಗಿದರೆ ಪಜೀತಿ. ಈಗ ಹೇಳಿದ ರೇಡಿಯೋ ಡಿಎಂಎಕ್ಸ್ ಮೂರನೆಯದು. ದೊಡ್ಡ ಹಾಲಿಗೆ ಇದೇ ಸರಿ. ದೀಪ ಕೈಗೆ ಬಂದ ಕೂಡಲೇ ಇದು ಯಾವ ಬಗೆಯದು ಎಂದು ಕೇಳಿ ತಿಳಿದುಕೊಳ್ಳಿ.

ಇನ್ನು ತಪ್ಪುವುದು ಎಲ್ಲಿ ಎಂಬುದನ್ನು ಹೇಳಬೇಕು. ನಮ್ಮ ಹುಡುಗರು ಬೈಗುಳ ತಿನ್ನುವುದು ಇಲ್ಲೇ.

ಸಂಜೆ ನಾಲ್ಕಕ್ಕೆ ಎಲ್ಲ ದೀಪವೂ ಸರಿಯಾಗಿರುತ್ತದೆ. ಎಂಟಕ್ಕೆ ಐನೂರು ಜನ ತುಂಬಿದ ಮೇಲೆ ದೂರದ ಮೂಲೆಯ ದೀಪ ಮಾತು ಕೇಳುವುದಿಲ್ಲ. "ಯಾರು ಮುಟ್ಟಿದ್ದು?" ಎಂದು ಎಲ್ಲರೂ ನಮ್ಮ ಕಡೆ ನೋಡುತ್ತಾರೆ. ಯಾರೂ ಮುಟ್ಟಿಲ್ಲ. ಮನುಷ್ಯನ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಈ ಅಲೆಯನ್ನು ನೀರು ಹೀರಿಕೊಳ್ಳುತ್ತದೆ. ಪ್ಯಾಂಟ್ರಿಯ ಮೈಕ್ರೊವೇವ್ ಓವನ್ನಿನಲ್ಲಿ ಸಾಂಬಾರು ಬಿಸಿಯಾಗುವುದೂ ಇದೇ ಜಾತಿಯ ಅಲೆಯಿಂದ. ಪ್ರೇಷಕವನ್ನು ಮೇಜಿನ ಕೆಳಗೆ ಇಟ್ಟರೆ ಐನೂರು ಜನ ನೀರಿನ ಗೋಡೆಯಂತೆ ನಡುವೆ ನಿಲ್ಲುತ್ತಾರೆ. ಆದ್ದರಿಂದ ಅದನ್ನು ತಲೆಗಳಿಗಿಂತ ಎತ್ತರದಲ್ಲಿ, ಸ್ಟ್ಯಾಂಡಿನ ಮೇಲೋ ಬಾಲ್ಕನಿಯಲ್ಲೋ ಇಡಬೇಕು. ದೊಡ್ಡ ಕನ್ನಡಿ, ಕಬ್ಬಿಣದ ಶಟರು, ಓವನ್ನು, ವೈಫೈ ಪೆಟ್ಟಿಗೆ ಇವುಗಳಿಂದ ದೂರ ಇಡಬೇಕು.

ಓವನ್ನಿನ ಹೆಸರು ಕೇಳಿ ಭಯಪಡಬೇಡಿ. ಓವನ್ನಿನ ಬಲ ಏಳೆಂಟು ನೂರು ವಾಟ್. ಈ ಪ್ರೇಷಕಗಳ ಬಲ ಸಾಮಾನ್ಯವಾಗಿ ಒಂದು ವಾಟಿನ ಹತ್ತನೆಯ ಒಂದು ಪಾಲಿನಷ್ಟು. ಫೋನನ್ನು ಜೇಬಿನಲ್ಲಿಟ್ಟು ತಿರುಗುವವರು ಇದಕ್ಕೆ ಹೆದರಬೇಕಾದ್ದಿಲ್ಲ.

ಇನ್ನೊಂದು ತೊಡಕು ಜೋಡಿಯದು. ದೀಪ ಯಾವ ಪ್ರೇಷಕದ ಮಾತು ಕೇಳಬೇಕು ಎಂಬುದನ್ನು ಒಂದು ಗುಂಡಿ ಒತ್ತಿ ಜೋಡಿಸುತ್ತಾರೆ. ಆರಿಸಿ ಗೋಡೌನಿನಲ್ಲಿಟ್ಟರೂ ಅದು ಆ ಜೋಡಿಯನ್ನು ಮರೆಯುವುದಿಲ್ಲ. ನಾವು ಕಣ್ಣಾರೆ ಕಂಡದ್ದನ್ನು ಹೇಳುತ್ತೇವೆ. ಹೋಟೆಲಿನ ಹೆಸರು ಬೇಡ. ಅಕ್ಕಪಕ್ಕದ ಎರಡು ಹಾಲುಗಳಲ್ಲಿ ಎರಡು ಸಮಾರಂಭ. ಒಂದರಲ್ಲಿ ಮದುಮಗಳು ಒಳಗೆ ಬರುವ ಹೊತ್ತು, ಹಾಲು ತಿಳಿಗುಲಾಬಿ. ಇದ್ದಕ್ಕಿದ್ದಂತೆ ನಾಲ್ಕು ಕಂಬ ಕೆಂಪಗೆ ಮಿಣುಕತೊಡಗಿದವು. ಪಕ್ಕದ ಹಾಲಿನಲ್ಲಿ ಡಿಜೆ ಕುಣಿತ ಶುರುವಾಗಿತ್ತು. ಆ ನಾಲ್ಕು ದೀಪ ಹಿಂದಿನ ರಾತ್ರಿ ಆ ಪ್ರೇಷಕಕ್ಕೆ ಜೋಡಿಯಾಗಿದ್ದವು, ಬಿಡಿಸಿರಲಿಲ್ಲ. ಬಿಡಿಸಬೇಕಾದವನು ದೀಪ ಬಾಡಿಗೆಗೆ ಕೊಟ್ಟವನು. ಬೈಗುಳ ತಿಂದವನು ದೀಪ ಹೊತ್ತು ತಂದಿಟ್ಟ ನಮ್ಮ ಕುಂದಾಪುರದ ಕಡೆಯ ಹುಡುಗ. ಅವನ ಆ ದಿನದ ಕೂಲಿಯನ್ನೂ ಹಿಡಿದರು. "ದೀಪ ಹಳೆಯ ಜೋಡಿಯಲ್ಲಿದೆ, ಬಿಡಿಸಿಕೊಡಿ" ಎಂಬ ಒಂದು ಮಾತು ಅವನಿಗೆ ತಿಳಿದಿದ್ದರೆ ಕೂಲಿ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ತಿಳಿವಳಿಕೆ ಎಂಬುದು ಬಡವನಿಗೆ ಅಲಂಕಾರಕ್ಕೆ ಬೇಕಾದ್ದಲ್ಲ ಬಾಂಧವರೇ, ಹೊಟ್ಟೆಯ ಕಾವಲಿಗೆ ಬೇಕಾದ್ದು.

ಮಾತು ಕಡಿದಾಗ ದೀಪ ಏನು ಮಾಡಬೇಕೆಂಬುದನ್ನೂ ಮೊದಲೇ ಹೇಳಿಡಬಹುದು. ಕೊನೆಯ ಬಣ್ಣದಲ್ಲೇ ನಿಲ್ಲು ಎನ್ನಬಹುದು, ಇಲ್ಲವೇ ಆರಿಹೋಗು ಎನ್ನಬಹುದು. ಊಟದ ಹಾಲಿಗೆ ಮೊದಲನೆಯದೇ ಸರಿ. ಕೈಯಲ್ಲಿ ಸಾರಿನ ಪಾತ್ರೆ ಹಿಡಿದು ನಡೆಯುವವನಿಗೆ ಒಮ್ಮೆಲೇ ಕತ್ತಲೆ ಕವಿಯಬಾರದು. ಲೈಟಿನವನನ್ನು ಈ ವಿಷಯ ಕೇಳುವ ಹಕ್ಕು ಬಡಿಸುವವನಿಗೆ ಇದೆ.

ಬ್ಯಾಟರಿಯ ಲೆಕ್ಕ ಮಿಕ್ಕೆಲ್ಲಕ್ಕಿಂತ ಮುಖ್ಯ. 40 ವಾಟಿನ ದೀಪಕ್ಕೆ 120 ವಾಟ್-ಗಂಟೆಯ ಬ್ಯಾಟರಿ ಇದೆಯೆನ್ನಿ. ಪೂರ್ತಿ ಬೆಳಗಿದರೆ ಮೂರೇ ಗಂಟೆ. ಡಬ್ಬಿಯ ಮೇಲೆ "12 ಗಂಟೆ" ಎಂದು ಅಚ್ಚಾಗಿರುತ್ತದಲ್ಲ? ನಾಲ್ಕು ಬಣ್ಣಗಳಲ್ಲಿ ಒಂದೇ ಬಣ್ಣ ಬೆಳಗಿದರೆ 10 ವಾಟ್. ಆಗ 12 ಗಂಟೆ. ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಸಂಜೆ ಐದಕ್ಕೆ ಬೆಳಗಿಸಿ ರಾತ್ರಿ ಹನ್ನೆರಡರವರೆಗೆ ಬೇಕಾದರೆ ಏಳು ಗಂಟೆ. 120ನ್ನು ಏಳರಿಂದ ಭಾಗಿಸಿದರೆ ಸರಿಸುಮಾರು 17 ವಾಟ್. ಅರ್ಧಕ್ಕಿಂತ ಕಡಿಮೆಯಲ್ಲೇ ಬೆಳಗಿಸಬೇಕಾಯಿತು. ಬ್ಯಾಟರಿ ಹಳೆಯದಾದಷ್ಟೂ ಈ ಲೆಕ್ಕ ಇಳಿಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ವಧೂವರರ ವೇದಿಕೆಯ ದೀಪಗಳನ್ನಾದರೂ ಕರೆಂಟಿಗೆ ಜೋಡಿಸಿ ತಂತಿಯಲ್ಲೇ ನಡೆಸುವುದು ಜಾಣತನ. ತಂತಿಯನ್ನು ಗೋಡೆಯ ಅಂಚಿನಲ್ಲಿ ಎಳೆದು ಮೇಲೆ ಟೇಪು ಅಂಟಿಸಿದರೆ ಸಾಕು.

ಈ ಬ್ಯಾಟರಿಗಳು ಹೆಚ್ಚಾಗಿ ಲಿಥಿಯಂ ಜಾತಿಯವು. ಅವುಗಳನ್ನು ಚಾರ್ಜಿಗೆ ಹಾಕುವುದು ರಾತ್ರಿ, ಕೆಲಸ ಮುಗಿದ ಮೇಲೆ. ಎಲ್ಲಿ ಹಾಕುತ್ತಾರೆ? ಎಷ್ಟೋ ಕಡೆ ನಮ್ಮ ಹುಡುಗರು ಮಲಗುವ ಕೋಣೆಯಲ್ಲೇ, ಹಾಸಿಗೆಗಳ ನಡುವೆ, ಇಲ್ಲವೇ ಮೆಟ್ಟಿಲಿನ ಕೆಳಗೆ. ಇದು ನಿಲ್ಲಬೇಕು. ಕೆಟ್ಟ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಬಹು ಬೇಗ ಹಬ್ಬುತ್ತದೆ, ಹೊಗೆ ವಿಷವಾಗಿರುತ್ತದೆ. ಮಲಗಿದವನಿಗೆ ಏಳುವ ಸಮಯವೂ ಸಿಗಲಾರದು. ಚಾರ್ಜಿಗೆ ಗಾಳಿಯಾಡುವ ಬೇರೆ ಜಾಗ ಬೇಕು. ಕಲ್ಲು ನೆಲ ಬೇಕು. ಸುತ್ತ ಬಟ್ಟೆ, ರಟ್ಟು ಇರಬಾರದು. ಬಿಸಿಯಾಗಿ ಬಂದ ದೀಪ ತಣಿದ ಮೇಲೆ ಹಾಕಬೇಕು. ಅದರದೇ ಚಾರ್ಜರ್ ಹಾಕಬೇಕು. ಉಬ್ಬಿದ ಬ್ಯಾಟರಿಯನ್ನು ಮುಟ್ಟಿ ನೋಡುವುದಲ್ಲ, ಬದಿಗಿಟ್ಟು ಕೂಡಲೇ ಮೇಲಿನವರಿಗೆ ತಿಳಿಸುವುದು.

ಹೊರಬಾಗಿಲಿನ ದಾರಿಯಲ್ಲಿ ಯಾವ ದೀಪವನ್ನೂ ಇಡಬೇಡಿ, ಅದೆಷ್ಟು ಚೆಂದ ಕಂಡರೂ. ಹೊರದಾರಿ ತೋರಿಸುವ ದೀಪವನ್ನು ಈ ನಿಸ್ತಂತು ಹಲಗೆಯ ಹತೋಟಿಗೆ ಎಂದೂ ಒಪ್ಪಿಸಬಾರದು. 2017ರ ಡಿಸೆಂಬರ್ 29ರ ನಡುರಾತ್ರಿಯ ನಂತರ ಲೋವರ್ ಪರೇಲಿನ ಕಮಲಾ ಮಿಲ್ಲಿನ ಆವರಣದಲ್ಲಿ, ಮಾಳಿಗೆಯ ಮೇಲಿನ ಊಟದ ಜಾಗದಲ್ಲಿ ಬೆಂಕಿ ಬಿದ್ದು 14 ಜನ ಸತ್ತರು. ಅದು ಇಂಥ ದೀಪದಿಂದ ಹತ್ತಿದ್ದೆಂದು ನಾವು ಹೇಳುತ್ತಿಲ್ಲ. ಹಬ್ಬದ ಜಾಗದಲ್ಲಿ ಹೊಗೆ ತುಂಬಿದಾಗ ತೆರವಾದ ದಾರಿಯೊಂದೇ ಜೀವ ಉಳಿಸುತ್ತದೆ ಎಂಬುದನ್ನು ನೆನಪಿಸುತ್ತಿದ್ದೇವೆ.

ಮಿಲ್ಲಿನ ಹೆಸರು ಬಂದಾಗ ಇಲ್ಲಿ ಕೂತಿರುವ ಹಿರಿಯರ ಮುಖ ಬಾಡಿದ್ದನ್ನು ಕಂಡೆವು. ಸಾಂಚೆಗಳು ಓಡುತ್ತಿದ್ದ ಪರೇಲಿನ ಅಂಗಳಗಳಲ್ಲಿ ಇಂದು ಅಂಗಡಿ, ಆಫೀಸು, ಊಟದ ಹಾಲುಗಳಿವೆ. ನಾವು ಹುಟ್ಟುವ ಮೊದಲಿನ ಕಥೆಯನ್ನು ನಿಮ್ಮಿಂದಲೇ ಕೇಳಿ ಕಲಿತಿದ್ದೇವೆ. 1928ರ ಆರು ತಿಂಗಳ ಮುಷ್ಕರದ ಕಾರಣಗಳಲ್ಲಿ ಒಂದು, ಒಬ್ಬ ನೇಕಾರನ ಮೇಲೆ ಎರಡಕ್ಕಿಂತ ಹೆಚ್ಚು ಮಗ್ಗ ಹೇರುವುದು. ಮುಂದೆ 1982ರ ಜನವರಿ 18ರಂದು ಶುರುವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು; ಅನೇಕರು ಮತ್ತೆ ಒಳಗೆ ಹೋಗಲೇ ಇಲ್ಲ. ಅವರ ಮಕ್ಕಳಲ್ಲಿ ಎಷ್ಟೋ ಜನ ಇಂದು ನಮ್ಮ ಜೊತೆ ತಟ್ಟೆ ಎತ್ತುತ್ತಿದ್ದಾರೆ.

ಹೊಸ ಯಂತ್ರ ಬಂದಾಗೆಲ್ಲ ಎರಡು ಪ್ರಶ್ನೆ ಕೇಳಬೇಕೆಂದು ಆ ಹಿರಿಯರು ನಮಗೆ ಕಲಿಸಿದರು. ಉಳಿದ ಶ್ರಮ ಯಾರ ಲೆಕ್ಕಕ್ಕೆ ಹೋಯಿತು? ಹೊಸ ಶ್ರಮ ಯಾರ ಹೆಗಲಿಗೆ ಬಂತು? ತಂತಿಯಿಲ್ಲದ ದೀಪದಿಂದ ತಂತಿ ಎಳೆಯುವ ಎರಡು ಮೂರು ಗಂಟೆ ಉಳಿಯಿತು, ನಿಜ. ನೆಲದ ಮೇಲೆ ತಂತಿಯಿಲ್ಲದ್ದರಿಂದ ತಟ್ಟೆ ಹೊತ್ತವನು ಎಡವುವುದು ತಪ್ಪಿತು. ಇದು ನಮಗೂ ಒಳ್ಳೆಯದೇ. ಯಂತ್ರ ಬೇಡವೆನ್ನುವ ಮೂರ್ಖತನ ನಮ್ಮದಲ್ಲ. ಆದರೆ ಹಿಂದಿನ ರಾತ್ರಿ ಚಾರ್ಜಿಗೆ ಹಾಕುವುದು, ಬೆಳಗ್ಗೆ ಒಂದೊಂದನ್ನೂ ನೋಡುವುದು, ನಂಬರು ಕೊಡುವುದು, ಜೋಡಿಸುವುದು, ಸಮಾರಂಭ ಮುಗಿದ ಮೇಲೆ ಎಣಿಸಿ ಪೆಟ್ಟಿಗೆಗೆ ತುಂಬುವುದು, ಇವು ಯಾರ ಕಣ್ಣಿಗೂ ಬೀಳದ ಕೆಲಸಗಳು. ಬೆಳಕು ಎಲ್ಲರಿಗೂ ಕಾಣುತ್ತದೆ, ದೀಪದ ಬುಡ ಕತ್ತಲೆ. ಆ ಕತ್ತಲೆಯಲ್ಲಿ ನಿಂತವರು ನಾವು. ರಾತ್ರಿ ಹನ್ನೆರಡಕ್ಕೆ ಬಡಿಸಿ ಮುಗಿಸಿದವನು ಎರಡು ಗಂಟೆಯವರೆಗೆ ದೀಪ ಎಣಿಸಿದರೆ ಆ ಎರಡು ಗಂಟೆ ಹಾಜರಿ ಪುಸ್ತಕದಲ್ಲಿ ಬರಬೇಕು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಹೆಚ್ಚು ಹೊತ್ತಿನ ದುಡಿಮೆಗೆ ಇಮ್ಮಡಿ ದರ ಹೇಳುತ್ತದೆ. ಬರೆಯದ ಗಂಟೆಗೆ ಯಾವ ಕಾಯಿದೆಯೂ ಕೂಲಿ ಕೊಡಿಸಲಾರದು.

ದೀಪ ಒಡೆದರೆ, ಕಳೆದರೆ ಸಂಬಳದಲ್ಲಿ ಹಿಡಿಯುವ ಪದ್ಧತಿಯೂ ಬೆಳೆಯುತ್ತಿದೆ. ಕೇಳಿಕೊಳ್ಳಿ: ಕೆಲಸಗಾರನ ವಶಕ್ಕೆಂದು ಸ್ಪಷ್ಟವಾಗಿ ಒಪ್ಪಿಸಿದ ವಸ್ತು ಅವನ ಅಲಕ್ಷ್ಯದಿಂದಲೇ ಹಾಳಾದರೆ, ಅದೂ ಅವನ ಸಮಜಾಯಿಷಿ ಕೇಳಿದ ಮೇಲೆಯೇ, ಕಡಿತ ಮಾಡಬಹುದು ಎಂದು 1936ರ ವೇತನ ಪಾವತಿ ಕಾಯಿದೆ ಹೇಳಿತು. 2019ರ ವೇತನ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಕೇಳದೆ ಹಿಡಿಯುವುದು ನ್ಯಾಯವಲ್ಲ, ಕಾಯಿದೆಯೂ ಅಲ್ಲ.

ಆದ್ದರಿಂದ ಸಂಘದ ಮುಂದೆ ನಾವು ನಾಲ್ಕು ಸಲಹೆ ಇಡುತ್ತೇವೆ.

ಮೊದಲನೆಯದು, ಪ್ರತಿ ಹಾಲಿನಲ್ಲಿ ಒಂದು ದೀಪದ ಪುಸ್ತಕ. ಎರಡು ರೂಪಾಯಿಯ ಲೇಖನಿಯಿಂದ ಬರೆದರೂ ಸಾಕು: ದೀಪದ ನಂಬರು, ಕೈಗೆ ಬಂದಾಗಿನ ಸ್ಥಿತಿ, ಚಾರ್ಜು, ಜೋಡಿ ಬಿಡಿಸಿದೆಯೇ, ಕೊಟ್ಟವರ ಸಹಿ, ತೆಗೆದುಕೊಂಡವರ ಸಹಿ. ಮಾತು ಮರೆತುಹೋಗುತ್ತದೆ, ಬರೆದದ್ದು ನಮ್ಮ ಪರವಾಗಿ ಸಾಕ್ಷಿ ನುಡಿಯುತ್ತದೆ.

ಎರಡನೆಯದು, ಮಲಗುವ ಕೋಣೆಯಲ್ಲಿ ಚಾರ್ಜು ಬೇಡವೆಂದು ಎಲ್ಲ ಹೋಟೆಲುಗಳಿಗೂ ಸಂಘದಿಂದ ಕಾಗದ ಹೋಗಲಿ. ಇದರಲ್ಲಿ ಯಜಮಾನರ ಹಿತವೂ ಇದೆ. ಒಳ್ಳೆಯ ಮಾತಿನಲ್ಲೇ ಕೇಳೋಣ.

ಮೂರನೆಯದು, ದೀಪದ ಕೆಲಸ ಮಾಡುವವನಿಗೆ ಆ ಹೊತ್ತಿಗೆ ಆ ಕೆಲಸದ ದರ ಸಿಗಲಿ. ಬಡಿಸುವವನ ಕೂಲಿಯಲ್ಲಿ ಲೈಟಿನವನ ಕೆಲಸ ಮಾಡಿಸಿಕೊಳ್ಳುವುದು, ಮಿಲ್ಲಿನಲ್ಲಿ ಬದಲಿಯವನಿಂದ ಖಾಯಂ ಕೆಲಸ ಮಾಡಿಸಿಕೊಂಡ ಹಾಗೆಯೇ. ಇಲ್ಲಿ ಇನ್ನೊಂದು ಮಾತು. ತಂತಿ ಎಳೆಯುತ್ತಿದ್ದ ಹೆಲ್ಪರುಗಳೂ ನಮ್ಮಂಥ ಬಡವರೇ. ಅವರ ಅನ್ನವನ್ನು ಕಡಿಮೆ ಕೂಲಿಗೆ ನಾವು ಕಸಿದುಕೊಂಡೆವು ಎಂದಾಗಬಾರದು. ಅವರನ್ನೂ ಕರೆದು ಕೂತು ಮಾತಾಡೋಣ. ದರ ಇಬ್ಬರಿಗೂ ಒಂದೇ ಇದ್ದರೆ ಒಬ್ಬರನ್ನು ತೋರಿಸಿ ಇನ್ನೊಬ್ಬರನ್ನು ಹೆದರಿಸುವುದಕ್ಕೆ ಯಾರಿಗೂ ಬರುವುದಿಲ್ಲ.

ನಾಲ್ಕನೆಯದು, ಕಲಿಕೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತು ಮೇಲೆ ಬಂದ ಒಂದು ತಲೆಮಾರು ಈ ಮುಂಬಯಿಯಲ್ಲಿತ್ತು. ಅವರಿಗೆ ಅಕ್ಷರ ಅನ್ನ ಕೊಟ್ಟಿತು. ಇಂದಿನ ಹುಡುಗನಿಗೆ ಅಕ್ಷರದ ಜೊತೆಗೆ ಇಂಥದೊಂದು ಕೈಕಸುಬು ಬೇಕು. ತಿಂಗಳಿಗೊಂದು ಭಾನುವಾರ ಎರಡು ಗಂಟೆ ಸಂಘದ ಕೋಣೆಯಲ್ಲಿ ಕೂರೋಣ. ಎರಡು ದೀಪ, ಒಂದು ಪ್ರೇಷಕ, ಒಂದು ಸಣ್ಣ ಹಲಗೆಯನ್ನು ಆ ಹೊತ್ತಿಗೆ ಬಾಡಿಗೆಗೆ ತರೋಣ. ನಂಬರು ಕೊಡುವುದು, ಜೋಡಿಸುವುದು, ಬಿಡಿಸುವುದು, ಬ್ಯಾಟರಿಯ ಲೆಕ್ಕ, ಬೆಂಕಿಯ ಎಚ್ಚರ ಇಷ್ಟನ್ನು ಕನ್ನಡದಲ್ಲೇ ಹೇಳಿಕೊಡೋಣ. ಬಲ್ಲವರು ಹೇಳಲಿ, ಅರಿಯದವರು ನಾಚದೆ ಕೇಳಲಿ. ಕಲಿತವನು ನಾಳೆ ತಟ್ಟೆ ಇಟ್ಟು ಹಲಗೆಯ ಮುಂದೆ ಕೂತರೆ ನಮಗೆ ಸಂತೋಷ. ತಟ್ಟೆಯ ಕೆಲಸದಲ್ಲೇ ಉಳಿದರೂ ಯಾರದೋ ತಪ್ಪಿಗೆ ತನ್ನ ಕೂಲಿ ಕಳೆದುಕೊಳ್ಳುವುದಿಲ್ಲ.

ಈ ತರಗತಿಗೆ ಹೆಸರು ಕೊಡುವವರು ಸಭೆ ಮುಗಿದ ಕೂಡಲೇ ಕಾರ್ಯದರ್ಶಿಗಳ ಮೇಜಿನ ಬಳಿ ಬರೆಸಬೇಕು. ಫೀಜು ಇಲ್ಲ. ಪಾಳಿ ಇದ್ದವರು ಯಾವ ಹೊತ್ತು ಅನುಕೂಲವೆಂದು ಬರೆಸಿದರೆ ಆ ಹೊತ್ತಿಗೆ ಇಟ್ಟುಕೊಳ್ಳೋಣ.